ಎರಡು ವರ್ಷ ಬಿಟ್ಟುಹೋಗದ ಕೊರೊನಾ: ಆ ಸುದ್ದಿಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಅಮೆರಿಕದ ಬಾಸ್ಟನ್ ಕಡೆಯ ಒಬ್ಬರ ದೇಹದಲ್ಲಿ ಕೊರೊನಾ ವೈರಸ್ 750 ದಿನಕ್ಕೂ ಜಾಸ್ತಿ ಉಳಿದುಕೊಂಡಿತ್ತು. 2025ರ ಜುಲೈನಲ್ಲಿ ಲ್ಯಾನ್ಸೆಟ್ ಮೈಕ್ರೋಬ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಬಂತು. ಅದರ ಹಿಂದಿನ ವರ್ಷ ಆಮ್‌ಸ್ಟರ್‌ಡ್ಯಾಂನಿಂದ 613 ದಿನದ ಸುದ್ದಿ ಬಂದಿತ್ತು. 2022ರಲ್ಲಿ ಲಂಡನ್‌ನಿಂದ 505 ದಿನದ್ದು. ಪ್ರತಿ ಸಲವೂ ದಾಖಲೆ ಅಂತ ತಲೆಬರಹ, ಕೆಳಗೆ ನಾಲ್ಕು ಸಾಲು, ಅಷ್ಟೇ. ಓದಿದವರಿಗೆ ಉಳಿದದ್ದು ಗೊಂದಲ. ಇದು ಲಾಂಗ್ ಕೋವಿಡ್ಡಾ? ಲಸಿಕೆ ಹಾಕಿಸಿಕೊಂಡಿದ್ದರೂ ಹೀಗಾಗುತ್ತಾ? ಆ ಮನುಷ್ಯನಿಂದ ಹೊಸ ತಳಿ ಹುಟ್ಟಿ ಮತ್ತೆ ಊರಿಗೆಲ್ಲ ಹರಡಿಬಿಡುತ್ತಾ? ಮನೆಯಲ್ಲಿ ಕಿಡ್ನಿ ಕಸಿ ಆದವರೋ, ಕೀಮೋ ತೆಗೆದುಕೊಳ್ಳುತ್ತಿರುವವರೋ ಇದ್ದರೆ ಅವರಿಂದ ದೂರ ಇರಬೇಕಾ?

ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುತ್ತದೆ. ಯಾಕೆಂದರೆ ಸುದ್ದಿ ಓದಿ ಜನ ಹೆದರುವುದು ರೋಗಿಗೆ. ಆದರೆ ಇಷ್ಟು ವರ್ಷಗಳಲ್ಲಿ ವೈದ್ಯರು ದಾಖಲಿಸಿರುವ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ, ಆ ರೋಗಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೇ ಎಲ್ಲವೂ ನಿಂತಿರುವುದು ಕಾಣುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಇದು ಯಾವುದು ಅಲ್ಲ

ಲಾಂಗ್ ಕೋವಿಡ್ ಅಂದರೆ ಸೋಂಕು ಮುಗಿದ ಮೇಲೂ ಸುಸ್ತು, ಉಸಿರಾಟದ ತೊಂದರೆ, ಮರೆವು ಇವೆಲ್ಲ ತಿಂಗಳುಗಟ್ಟಲೆ ಉಳಿಯುವುದು. ಅವರಲ್ಲಿ ಸಾಮಾನ್ಯವಾಗಿ ಗಂಟಲು ದ್ರವ ಪರೀಕ್ಷೆ ಮಾಡಿದರೆ ನೆಗೆಟಿವ್ ಬರುತ್ತದೆ. ಮತ್ತೆ ಮತ್ತೆ ಕೋವಿಡ್ ಬರುವುದು ಇನ್ನೊಂದು ವಿಷಯ. ಅಲ್ಲಿ ಪ್ರತಿ ಸಲವೂ ಹೊರಗಿನಿಂದ ಹೊಸ ವೈರಸ್ ಬಂದಿರುತ್ತದೆ.

ನಾವು ಮಾತಾಡುತ್ತಿರುವುದು ಮೂರನೆಯದು. ಒಂದೇ ಸಲ ಒಳಗೆ ಬಂದ ವೈರಸ್ ಹೊರಗೆ ಹೋಗಿಯೇ ಇಲ್ಲ, ಜೀವಂತವಾಗಿ ದೇಹದಲ್ಲೇ ಬೆಳೆಯುತ್ತಿದೆ. ಇದನ್ನು ಪತ್ತೆ ಮಾಡುವುದು ಸುಲಭವಲ್ಲ. ಪಿಸಿಆರ್ ಪಾಸಿಟಿವ್ ಬಂದರೆ ಸಾಲದು. ಗುಣವಾದವರಲ್ಲೂ ಸತ್ತ ವೈರಸ್‌ನ ಚೂರುಗಳು ವಾರಗಟ್ಟಲೆ ಸಿಗುತ್ತವೆ. ಅದಕ್ಕೇ ವಿಜ್ಞಾನಿಗಳು ಬೇರೆ ಬೇರೆ ದಿನ ತೆಗೆದ ಮಾದರಿಗಳ ಪೂರ್ತಿ ಜೀನೋಮ್, ಅಂದರೆ ವೈರಸ್‌ನ ಆನುವಂಶಿಕ ಬರಹ, ಓದುತ್ತಾರೆ. ಈ ವೈರಸ್‌ನ ಜೀನೋಮ್‌ನಲ್ಲಿ ಸುಮಾರು 30,000 ಅಕ್ಷರಗಳಿವೆ. 2022ರಲ್ಲಿ ತೆಗೆದ ಮಾದರಿಯಲ್ಲಿ, ಹೊರಗೆಲ್ಲೂ ಈಗ ಓಡಾಡದೇ ಇರುವ 2020ರ ಹಳೇ ತಳಿಯೇ ಇದ್ದು, ಅದರ ಮೇಲೆ ಒಂದೊಂದಾಗಿ ಹೊಸ ಬದಲಾವಣೆಗಳು ಪೇರಿಕೊಂಡಿದ್ದರೆ ಅದು ಅದೇ ಸೋಂಕು ಅಂತ ಗಟ್ಟಿಯಾಗುತ್ತದೆ. ಬಾಸ್ಟನ್‌ನ ರೋಗಿಯಲ್ಲಿ ಆದದ್ದು ಹೀಗೆ. 2020ರ ಮಧ್ಯದಲ್ಲಿ ಬಂದ ಸೋಂಕು 2022ರ ಮಧ್ಯದವರೆಗೂ ಇತ್ತು.

ಎಷ್ಟು ಜನರಿಗೆ ಹೀಗಾಗುತ್ತದೆ? ಬ್ರಿಟನ್‌ನಲ್ಲಿ ಸರ್ಕಾರದ ಅಂಕಿಅಂಶ ಇಲಾಖೆ ಮನೆ ಮನೆಗೆ ಹೋಗಿ ಸಾವಿರಾರು ಜನರ ಮಾದರಿಗಳನ್ನು ನಿಯಮಿತವಾಗಿ ಸಂಗ್ರಹಿಸಿತ್ತು. ಕಾಯಿಲೆ ಇರುವವರು, ಇಲ್ಲದವರು ಅಂತ ನೋಡದೆ ಎಲ್ಲರದ್ದೂ. ಅದನ್ನು ಇಟ್ಟುಕೊಂಡು ಆಕ್ಸ್‌ಫರ್ಡ್‌ನ ತಂಡ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೊಟ್ಟ ಅಂದಾಜು: ಒಟ್ಟು ಸೋಂಕುಗಳಲ್ಲಿ ಶೇ 0.1ರಿಂದ 0.5ರಷ್ಟು 60 ದಿನ ಅಥವಾ ಅದಕ್ಕಿಂತ ಹೆಚ್ಚು ಉಳಿಯಬಹುದು. ಅಂದರೆ ಸಾವಿರಕ್ಕೆ ಒಬ್ಬರಿಂದ ಐವರು. ಶೇಕಡಾವಾರು ನೋಡಿದರೆ ಚಿಕ್ಕದು. ಆದರೆ ಕೋಟಿಗಟ್ಟಲೆ ಜನರಿಗೆ ಸೋಂಕು ತಗುಲಿದಾಗ ಅದು ಚಿಕ್ಕ ಸಂಖ್ಯೆಯಾಗಿ ಉಳಿಯುವುದಿಲ್ಲ, ಅಲ್ವಾ? ಆದರೆ ಎರಡು ತಿಂಗಳು ಉಳಿಯುವುದಕ್ಕೂ ಎರಡು ವರ್ಷ ಉಳಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ವರ್ಷ ದಾಟಿದ ಪ್ರಕರಣಗಳು ನಿಜಕ್ಕೂ ಅಪರೂಪ, ಮತ್ತು ಹೆಚ್ಚುಕಡಿಮೆ ಎಲ್ಲವೂ ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲೇ ಆಗಿರುವುದು.

ವೈರಸ್ ಯಾಕೆ ಹೊರಗೆ ಹೋಗುವುದಿಲ್ಲ

ಆರೋಗ್ಯವಂತರ ದೇಹದಲ್ಲಿ ವೈರಸ್ ವಿರುದ್ಧ ಎರಡು ಪಡೆ ಕೆಲಸ ಮಾಡುತ್ತವೆ. ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಈ ಪ್ರತಿಕಾಯಗಳು ವೈರಸ್‌ನ ಮೈಮೇಲಿನ ಮುಳ್ಳುಗಳಿಗೆ, ಅಂದರೆ ಸ್ಪೈಕ್ ಪ್ರೋಟೀನ್‌ಗೆ ಅಂಟಿಕೊಂಡು, ಅದು ಹೊಸ ಕೋಶದೊಳಗೆ ನುಗ್ಗದ ಹಾಗೆ ತಡೆಯುತ್ತವೆ. ಟಿ ಕೋಶಗಳು ಈಗಾಗಲೇ ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಸಾಯಿಸುತ್ತವೆ. ಎರಡೂ ಸೇರಿ ಒಂದೆರಡು ವಾರದಲ್ಲಿ ಕೆಲಸ ಮುಗಿಸುತ್ತವೆ.

ಈಗ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್, ಇರುವ ಒಬ್ಬ ರೋಗಿಯನ್ನು ನೆನೆಸಿಕೊಳ್ಳಿ. ಅದು ಬಿ ಕೋಶಗಳದ್ದೇ ಕ್ಯಾನ್ಸರ್ ಆಗಿದ್ದರೆ, ಆ ಕೋಶಗಳನ್ನು ಹುಡುಕಿ ಕೊಲ್ಲುವ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಕೊಡುತ್ತಾರೆ. ತುಂಬಾ ಒಳ್ಳೆಯ ಔಷಧಿ, ಎಷ್ಟೋ ಜನರ ಜೀವ ಉಳಿಸಿದೆ. ನಮ್ಮಲ್ಲೂ ಲಿಂಫೋಮಾಕ್ಕೆ, ಕೆಲವು ಸಂಧಿವಾತಗಳಿಗೆ, ಕೆಲವು ಕಿಡ್ನಿ ಮತ್ತು ಚರ್ಮದ ಕಾಯಿಲೆಗಳಿಗೆ ಕೊಡುತ್ತಾರೆ. ಆದರೆ ಅದು ಕೆಟ್ಟ ಬಿ ಕೋಶ, ಒಳ್ಳೆಯ ಬಿ ಕೋಶ ಅಂತ ಭೇದ ಮಾಡುವುದಿಲ್ಲ. ಕೊನೆಯ ಡೋಸ್ ಆದ ಮೇಲೂ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ದೇಹ ಹೊಸ ಪ್ರತಿಕಾಯ ತಯಾರಿಸುವುದೇ ಇಲ್ಲ. ಆ ಸಮಯದಲ್ಲಿ ಲಸಿಕೆ ಹಾಕಿದರೂ ಪ್ರತಿಕಾಯ ಹುಟ್ಟುವುದು ಕಷ್ಟ, ಏಕೆಂದರೆ ಲಸಿಕೆ ಪಾಠ ಹೇಳಿಕೊಡಬೇಕಾದ ಕೋಶಗಳೇ ಅಲ್ಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದರೂ ಹೀಗಾಯಿತಲ್ಲ ಅನ್ನುವ ಪ್ರಶ್ನೆಗೆ ಉತ್ತರ ಇದೇ.

ಅಂಗಾಂಗ ಕಸಿ ಆದವರದು ಬೇರೆ ಕಥೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸಬಾರದು ಅಂತ ದಿನಾ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್‌ನಂಥ ಮಾತ್ರೆ ತೆಗೆದುಕೊಳ್ಳಬೇಕು. ಇವು ಮುಖ್ಯವಾಗಿ ಟಿ ಕೋಶಗಳ ಆಟವನ್ನು ಹಿಡಿತದಲ್ಲಿಡುತ್ತವೆ. ಚಿಕಿತ್ಸೆ ಇಲ್ಲದ ಎಚ್‌ಐವಿಯಲ್ಲಿ ಸಿಡಿ4 ಅನ್ನುವ ಟಿ ಕೋಶಗಳೇ ಕಡಿಮೆಯಾಗುತ್ತಾ ಬರುತ್ತವೆ. ಬೋನ್ ಮ್ಯಾರೋ ಕಸಿ ಆದವರಲ್ಲಿ ಇಡೀ ವ್ಯವಸ್ಥೆಯೇ ಹೊಸದಾಗಿ ಕಟ್ಟಿಕೊಳ್ಳಬೇಕು, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಹೀಗಾಗಿ 'ರೋಗನಿರೋಧಕ ಶಕ್ತಿ ಕಡಿಮೆ ಇರುವವರು' ಅಂತ ಎಲ್ಲರನ್ನೂ ಒಂದೇ ಗುಂಪಿಗೆ ಹಾಕುವುದು ತಪ್ಪು. ಸಕ್ಕರೆ ಕಾಯಿಲೆ ಇರುವವರು, ಸ್ವಲ್ಪ ದಿನ ಸ್ಟಿರಾಯ್ಡ್ ತೆಗೆದುಕೊಂಡವರು, ವಯಸ್ಸಾದವರು ಇವರಿಗೆಲ್ಲ ಕೋವಿಡ್ ಜೋರಾಗಬಹುದು, ಅದು ನಿಜ. ಆದರೆ ವೈರಸ್ ವರ್ಷಗಟ್ಟಲೆ ಉಳಿಯುವ ಅಪಾಯ ಜಾಸ್ತಿ ಇರುವುದು ರಕ್ತದ ಕ್ಯಾನ್ಸರ್, ಮ್ಯಾರೋ ಅಥವಾ ಅಂಗಾಂಗ ಕಸಿ, ಬಿ ಕೋಶ ಅಳಿಸುವ ಔಷಧಿ, ಚಿಕಿತ್ಸೆ ಸಿಗದ ಎಚ್‌ಐವಿ, ಹುಟ್ಟಿನಿಂದಲೇ ಪ್ರತಿಕಾಯ ಇಲ್ಲದವರು, ಇಂಥ ಕೆಲವರಲ್ಲಿ.

ಆಮ್‌ಸ್ಟರ್‌ಡ್ಯಾಂನ 613 ದಿನ

ಈ 613 ದಿನದ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಕಾರಣ ಪರಿಣಾಮಗಳ ಸರಪಳಿ ಚೆನ್ನಾಗಿ ಕಾಣುತ್ತದೆ. ರೋಗಿಗೆ 72 ವರ್ಷ. ರಕ್ತದ ಕಾಯಿಲೆಗೆ ಕಾಂಡಕೋಶ (ಸ್ಟೆಮ್ ಸೆಲ್) ಕಸಿ ಆಗಿತ್ತು. ಆಮೇಲೆ ಲಿಂಫೋಮಾ ಕಾಣಿಸಿಕೊಂಡು ರಿಟುಕ್ಸಿಮ್ಯಾಬ್ ಕೊಟ್ಟಿದ್ದರು. ಹಲವು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರೂ ರಕ್ತದಲ್ಲಿ ಪ್ರತಿಕಾಯದ ಸುಳಿವಿರಲಿಲ್ಲ. 2022ರ ಫೆಬ್ರುವರಿಯಲ್ಲಿ ಒಮಿಕ್ರಾನ್ ತಗುಲಿತು.

ಅವರ ದೇಹ ಪ್ರತಿಕಾಯ ತಯಾರಿಸುತ್ತಿಲ್ಲವಲ್ಲ, ಹೊರಗಿನಿಂದಲೇ ಕೊಡೋಣ ಅಂತ ವೈದ್ಯರು ಪ್ರಯೋಗಾಲಯದಲ್ಲಿ ತಯಾರಾದ ಸೊಟ್ರೊವಿಮ್ಯಾಬ್ ಅನ್ನುವ ಪ್ರತಿಕಾಯ ಕೊಟ್ಟರು. ಯೋಚನೆ ಸರಿಯಾಗಿಯೇ ಇತ್ತು. ಆದರೆ 21 ದಿನದೊಳಗೆ ವೈರಸ್ ತನ್ನ ಸ್ಪೈಕ್ ಅನ್ನು ಬದಲಾಯಿಸಿಕೊಂಡು ಆ ಔಷಧಿಗೆ ಜಗ್ಗದ ಹಾಗೆ ಆಯಿತು. ಮುಂದಿನ ತಿಂಗಳುಗಳಲ್ಲಿ 27 ಸಲ ಮಾದರಿ ತೆಗೆದು ಓದಿದರು. ಹೊರಗೆ ಆಗ ಓಡಾಡುತ್ತಿದ್ದ ತಳಿಗಳಿಗೆ ಹೋಲಿಸಿದರೆ 50ಕ್ಕೂ ಹೆಚ್ಚು ಬದಲಾವಣೆ ಸೇರಿಕೊಂಡಿದ್ದವು. 2023ರಲ್ಲಿ ಅವರು ತೀರಿಕೊಂಡರು. ಸಾವಿಗೆ ಕಾರಣ ಕೋವಿಡ್ ಅಲ್ಲ, ಮರುಕಳಿಸಿದ ರಕ್ತದ ಕಾಯಿಲೆ. ಅವರಿಂದ ಸುತ್ತಮುತ್ತ ಯಾರಿಗಾದರೂ ಈ ಬದಲಾದ ವೈರಸ್ ಹರಡಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ತಲೆಬರಹಗಳಲ್ಲಿ ಈ ಕೊನೆಯ ಮಾತು ಬರಲೇ ಇಲ್ಲ. ನಾನು ಓದುಗರಿಗೆ ಮುಖ್ಯವಾಗಿ ತಲುಪಬೇಕು ಅಂದುಕೊಂಡದ್ದು ಅದೇ ಮಾತು.

ಇಪ್ಪತ್ತೊಂದು ದಿನದಲ್ಲಿ ಹೀಗೆ ಆಗುವುದು ಹೇಗೆ? ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ, ಕೆಲವು ವೈರಸ್‌ಗೇ ಹಾನಿ. ಒಬ್ಬರಿಂದ ಒಬ್ಬರಿಗೆ ಹರಡುತ್ತಾ ಹೋಗುವಾಗ ಈ ವೈರಸ್‌ನಲ್ಲಿ ತಿಂಗಳಿಗೆ ಸುಮಾರು ಎರಡು ಬದಲಾವಣೆ ನೆಲೆ ನಿಲ್ಲುತ್ತವೆ. ಸಾಮಾನ್ಯ ರೋಗಿಯಲ್ಲಿ ಒಂದೆರಡು ವಾರದಲ್ಲಿ ಎಲ್ಲ ಮುಗಿಯುವುದರಿಂದ, ತಪ್ಪುಗಳಲ್ಲಿ ಯಾವುದು ಲಾಭದ್ದು ಅಂತ ಆರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ನಿರೋಧಕ ಶಕ್ತಿ ಒಂದಿಷ್ಟೂ ಇಲ್ಲದಿದ್ದರೆ ಸಮಯ ಸಿಗುತ್ತದೆ, ಆದರೆ ಬದಲಾಗಲೇಬೇಕು ಅನ್ನುವ ಒತ್ತಡ ಕಡಿಮೆ. ಅಪಾಯ ಜಾಸ್ತಿ ಇರುವುದು ಇವೆರಡರ ನಡುವೆ. ವೈರಸ್ಸನ್ನು ತಡೆಯುವ ಏನೋ ಒಂದು ಇದೆ, ಆದರೆ ಪೂರ್ತಿ ಕೊಲ್ಲುವಷ್ಟು ಇಲ್ಲ. ಆಗ ಆ ತಡೆಯನ್ನು ದಾಟಬಲ್ಲ ವೈರಸ್‌ಗಳಷ್ಟೇ ಉಳಿದು, ಅವೇ ಮುಂದಕ್ಕೆ ಬೆಳೆಯುತ್ತವೆ. ಟಿಬಿಗೆ ಕೊಡುವ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ಔಷಧಿಗೆ ಜಗ್ಗದ ಟಿಬಿ ಹುಟ್ಟುತ್ತದಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಪ್ಲಾಸ್ಮಾ ಹುಡುಕಾಟದ ದಿನಗಳನ್ನು ನೆನಪಿಸಿಕೊಳ್ಳಿ

2020 ಮತ್ತು 2021ರಲ್ಲಿ ನಮ್ಮ ವಾಟ್ಸ್ಆಪ್ ಗುಂಪುಗಳ ತುಂಬ ಪ್ಲಾಸ್ಮಾ ಬೇಕು ಅನ್ನುವ ಮನವಿಗಳಿದ್ದವು. ಕೋವಿಡ್‌ನಿಂದ ಗುಣವಾದವರ ರಕ್ತದ್ರವದಲ್ಲಿ ಪ್ರತಿಕಾಯ ಇರುತ್ತದೆ, ಅದನ್ನು ರೋಗಿಗೆ ಕೊಟ್ಟರೆ ಉಳಿಯಬಹುದು ಅನ್ನುವ ನಂಬಿಕೆ. ಐಸಿಎಂಆರ್ 464 ರೋಗಿಗಳ ಮೇಲೆ ಪರೀಕ್ಷೆ ಮಾಡಿದಾಗ ಪ್ರಯೋಜನ ಕಾಣಲಿಲ್ಲ. ಆದರೂ ಬಳಕೆ ನಿಲ್ಲಲಿಲ್ಲ. ಕೊನೆಗೆ 2021ರ ಮೇ ತಿಂಗಳಲ್ಲಿ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದುಹಾಕಿದರು. ಅದಕ್ಕೆ ಸ್ವಲ್ಪ ಮುಂಚೆ ವೈದ್ಯರು, ವಿಜ್ಞಾನಿಗಳು ಸೇರಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಿಗೆ ಪತ್ರ ಬರೆದು, ಹೀಗೆ ಮನಸ್ಸಿಗೆ ಬಂದಂತೆ ಪ್ಲಾಸ್ಮಾ ಕೊಡುತ್ತಾ ಹೋದರೆ ಹೊಸ ತಳಿಗಳು ಹುಟ್ಟುವ ಅಪಾಯವೂ ಇದೆ ಅಂತ ಎಚ್ಚರಿಸಿದ್ದರು.

ಆ ಎಚ್ಚರಿಕೆಯ ಹಿಂದೆ ನಿಜವಾದ ಪ್ರಕರಣ ಇತ್ತು. ಕೇಂಬ್ರಿಜ್‌ನ ರವೀಂದ್ರ ಗುಪ್ತಾ ಅವರ ತಂಡ 2021ರ ಫೆಬ್ರುವರಿಯಲ್ಲಿ ನೇಚರ್‌ನಲ್ಲಿ ಒಬ್ಬ ರೋಗಿಯ ಬಗ್ಗೆ ಬರೆದಿತ್ತು. ಅವರಿಗೂ ಲಿಂಫೋಮಾ, ಅವರಿಗೂ ಹಿಂದೆ ರಿಟುಕ್ಸಿಮ್ಯಾಬ್. ಮೊದಲ 57 ದಿನ ವೈರಸ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಮೇಲೆ ಪ್ಲಾಸ್ಮಾ ಕೊಟ್ಟರು. ಕೊಟ್ಟ ಕೂಡಲೇ ಸ್ಪೈಕ್‌ನಲ್ಲಿ ಎರಡು ಬದಲಾವಣೆ ಇರುವ ವೈರಸ್ ಮೇಲುಗೈ ಸಾಧಿಸಿತು. ಹೊರಗಿನ ಪ್ರತಿಕಾಯದ ಪ್ರಭಾವ ಇಳಿದಾಗ ಹಳೆಯದು ಮತ್ತೆ ಮೇಲೆ ಬಂತು. ಇನ್ನೊಮ್ಮೆ ಪ್ಲಾಸ್ಮಾ ಕೊಟ್ಟಾಗ ಆ ಬದಲಾದದ್ದೇ ಮತ್ತೆ ತಲೆ ಎತ್ತಿತು. ಔಷಧಿ ಕೊಟ್ಟಾಗ ಒಂದು, ಬಿಟ್ಟಾಗ ಇನ್ನೊಂದು, ಹೀಗೆ ಒಬ್ಬ ಮನುಷ್ಯನ ದೇಹದೊಳಗೆ ನೂರು ದಿನ ನಡೆದ ಹಗ್ಗಜಗ್ಗಾಟ ಅದು. ಆ ರೋಗಿ ಉಳಿಯಲಿಲ್ಲ.

ಹಾಗಾದರೆ ಒಮಿಕ್ರಾನ್ ಇಂಥವರಿಂದಲೇ ಬಂತಾ?

ವಿಜ್ಞಾನಿಗಳ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ.

2021ರ ನವೆಂಬರ್‌ನಲ್ಲಿ ಬೋಟ್ಸ್‌ವಾನಾ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮಿಕ್ರಾನ್ ಬಗ್ಗೆ ಜಗತ್ತಿಗೆ ತಿಳಿಸಿದರು. ಕೆಲವೇ ದಿನದಲ್ಲಿ, ಡಿಸೆಂಬರ್ 2ರಂದು, ಭಾರತದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಆ ವೈರಸ್‌ನ ಸ್ಪೈಕ್ ಒಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ತಿಂಗಳಿಗೆ ಎರಡರ ಲೆಕ್ಕದಲ್ಲಿ ಹೋಗುವ ವೈರಸ್ ಇದ್ದಕ್ಕಿದ್ದಂತೆ ಇಷ್ಟು ದೂರ ಜಿಗಿದದ್ದು ಹೇಗೆ? ಮಧ್ಯದ ಮೆಟ್ಟಿಲುಗಳು ಎಲ್ಲೂ ಕಾಣಲಿಲ್ಲ.

ಒಂದು ವಾದದ ಪ್ರಕಾರ, ನಿರೋಧಕ ಶಕ್ತಿ ಕುಸಿದ ಒಬ್ಬರ ದೇಹದಲ್ಲಿ ತಿಂಗಳುಗಟ್ಟಲೆ ಬೆಳೆದು, ಆಮೇಲೆ ಹೊರಬಂತು. ಇದಕ್ಕೆ ಬೆಂಬಲ ಸಾಕಷ್ಟಿದೆ. ದೀರ್ಘ ಸೋಂಕಿನ ರೋಗಿಗಳಲ್ಲಿ ಕಂಡ ಎಷ್ಟೋ ಬದಲಾವಣೆಗಳು ಒಮಿಕ್ರಾನ್‌ನಲ್ಲೂ ಅದೇ ಜಾಗಗಳಲ್ಲಿವೆ. ಬಾಸ್ಟನ್‌ನ ರೋಗಿಯ ವೈರಸ್ಸಿಗೂ ಒಮಿಕ್ರಾನ್‌ಗೂ ನೇರ ಸಂಬಂಧ ಇಲ್ಲ. ಆದರೂ ಎರಡೂ ಬೇರೆ ಬೇರೆಯಾಗಿ ಕೆಲವು ಒಂದೇ ದಾರಿ ಹಿಡಿದಿವೆ. ಅದಕ್ಕೂ ಹಿಂದೆ ಬ್ರಿಟನ್‌ನಲ್ಲಿ ಕಂಡ ಆಲ್ಫಾ ತಳಿಯ ಬಗ್ಗೆಯೂ, 2023ರ ಆಗಸ್ಟ್‌ನಲ್ಲಿ ಕಂಡ ಬಿಎ.2.86 ಬಗ್ಗೆಯೂ ಇದೇ ಮಾತು ಕೇಳಿಬಂತು.

ಇನ್ನೊಂದು ವಾದದಲ್ಲಿ ವೈರಸ್ ಮನುಷ್ಯರಿಂದ ಪ್ರಾಣಿಗಳಿಗೆ, ಬಹುಶಃ ಇಲಿಗಳಿಗೆ ಹೋಗಿ, ಅಲ್ಲಿ ಬದಲಾಗಿ ವಾಪಸ್ ಬಂತು. ಮೂರನೆಯದು, ಜೀನೋಮ್ ಪರೀಕ್ಷೆ ಕಡಿಮೆ ನಡೆಯುವ ಯಾವುದೋ ಪ್ರದೇಶದಲ್ಲಿ ಯಾರ ಕಣ್ಣಿಗೂ ಬೀಳದೆ ಜನರಲ್ಲೇ ಹರಡುತ್ತಾ ಬದಲಾಯಿತು. ಹೆಚ್ಚಿನ ವಿಜ್ಞಾನಿಗಳು ಮೊದಲ ವಾದದ ಕಡೆ ವಾಲುತ್ತಾರೆ. ಹಾಗಂತ ಇದೇ ರೋಗಿ, ಇದೇ ಊರು ಅಂತ ತೋರಿಸುವ ಸಾಕ್ಷಿ ಇಲ್ಲ. ಸಾಧ್ಯತೆ ಹೆಚ್ಚು ಅನ್ನುವುದಕ್ಕೂ ಸಾಬೀತಾಗಿದೆ ಅನ್ನುವುದಕ್ಕೂ ಇರುವ ಅಂತರವನ್ನು ಸುದ್ದಿಗಳು ಸುಮ್ನೆ ನುಂಗಿಹಾಕಿದವು.

ಆದರೆ ಹೆಚ್ಚಿನವು ಹರಡಲೇ ಇಲ್ಲವಲ್ಲ

ದೀರ್ಘ ಸೋಂಕಿನ ಪ್ರತಿಯೊಂದು ಪ್ರಕರಣದಿಂದಲೂ ಹೊಸ ತಳಿ ಹೊರಬರುವುದಾಗಿದ್ದರೆ ನಾವು ಈಗಾಗಲೇ ಸಾವಿರಾರು ಒಮಿಕ್ರಾನ್‌ಗಳನ್ನು ನೋಡಬೇಕಿತ್ತು. ಆಮ್‌ಸ್ಟರ್‌ಡ್ಯಾಂನದು ಹರಡಲಿಲ್ಲ. ಬಾಸ್ಟನ್‌ನದು ಎರಡು ವರ್ಷ ಇದ್ದರೂ ಬೇರೆಯವರಿಗೆ ಹರಡಿದ ಕುರುಹು ಸಿಗಲಿಲ್ಲ.

ಇದಕ್ಕೆ ಕಾರಣ ಇದೆ. ಒಂದೇ ದೇಹದೊಳಗೆ ಬದುಕುಳಿಯಲು ಬೇಕಾದ ಗುಣವೇ ಬೇರೆ, ಮೂಗಿನಿಂದ ಹೊರಬಿದ್ದು ಗಾಳಿಯಲ್ಲಿ ಇನ್ನೊಬ್ಬರನ್ನು ತಲುಪಲು ಬೇಕಾದ ಗುಣವೇ ಬೇರೆ. ದೇಹದೊಳಗೆ ವರ್ಷಗಟ್ಟಲೆ ಇರುವ ವೈರಸ್, ಅಲ್ಲಿನ ಕೋಶಗಳಿಗೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಹಾಗೆ ಹೊಂದಿಕೊಳ್ಳುವಾಗ ಹರಡುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಕೆಲವರಲ್ಲಿ ಅದು ಶ್ವಾಸಕೋಶದ ಆಳದಲ್ಲಿ ಮಾತ್ರ ಉಳಿದು, ಮೂಗಿನ ಮಾದರಿಯಲ್ಲಿ ಸಿಗುವುದೇ ಇಲ್ಲ. ಅಪರೂಪಕ್ಕೆ ಎರಡೂ ಗುಣ ಒಂದೇ ವೈರಸ್‌ನಲ್ಲಿ ಸೇರಿದರೆ ಆಗ ಅದು ಇಡೀ ಜಗತ್ತಿನ ತೊಂದರೆ. ಒಂದು ಕಡೆಯವರು ಈ ಅಪರೂಪಕ್ಕೇ ಹೆದರಬೇಕು, ಕಣ್ಗಾವಲು ಬಿಡಬಾರದು ಅನ್ನುತ್ತಾರೆ. ಇನ್ನೊಂದು ಕಡೆಯವರು ಇದನ್ನೇ ದೊಡ್ಡದು ಮಾಡಿದರೆ ರೋಗಿಗಳು ಕಳಂಕ ಹೊರಬೇಕಾಗುತ್ತದೆ ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಎರಡಕ್ಕೂ ಒಂದೇ ಉತ್ತರ ಇದೆ ಅನ್ನುವುದು ನನ್ನ ವಾದ, ಅದಕ್ಕೆ ಆಮೇಲೆ ಬರುತ್ತೇನೆ.

ಚರಂಡಿ ನೀರಿನಲ್ಲಿ ಸಿಕ್ಕ ಒಬ್ಬರೇ ಒಬ್ಬರ ವೈರಸ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2022ರ ಜನವರಿಯಲ್ಲಿ ಕೊಳಚೆ ನೀರಿನ ಮಾದರಿಯೊಂದರಲ್ಲಿ ಎಲ್ಲೂ ಕಾಣದ ವೈರಸ್ ಸಿಕ್ಕಿತು. ಯಾವ ರೋಗಿಯಲ್ಲೂ ಇಂಥದ್ದು ದಾಖಲಾಗಿರಲಿಲ್ಲ. ಸಂಶೋಧಕರು ಒಂದೊಂದೇ ಮ್ಯಾನ್‌ಹೋಲ್ ಹಿಡಿದು ಹಿಂದಕ್ಕೆ ಹೋದರು. ದೊಡ್ಡ ಕೊಳವೆಯಿಂದ ಬಡಾವಣೆಯ ಕೊಳವೆಗೆ, ಅಲ್ಲಿಂದ ಬೀದಿಗೆ, ಕೊನೆಗೆ ಸುಮಾರು 30 ಜನ ಕೆಲಸ ಮಾಡುವ ಒಂದು ಕಂಪನಿಯ ಶೌಚಾಲಯದ ಸಾಲಿಗೆ ಬಂದು ನಿಂತರು. ಪರೀಕ್ಷೆಗೆ ಒಪ್ಪಿದ ನೌಕರರ ಮೂಗಿನ ಮಾದರಿ ತೆಗೆದರೆ ಎಲ್ಲರದ್ದೂ ನೆಗೆಟಿವ್. ಆದರೆ ನೀರಿನಲ್ಲಿ ವೈರಸ್ ಬರುತ್ತಲೇ ಇತ್ತು, ಅದೂ ಬೇಕಾದಷ್ಟು. ಅದರ ಮೂಲ ತಳಿ ಬಿ.1.234. ಹೊರಗೆ ಓಡಾಡುವುದನ್ನು ಯಾವತ್ತೋ ನಿಲ್ಲಿಸಿದ್ದ ಹಳೇ ತಳಿ ಅದು. ಅದರಲ್ಲೂ ಒಮಿಕ್ರಾನ್‌ನ ಹಲವು ಬದಲಾವಣೆಗಳು ಆಗಲೇ ಇದ್ದವು.

ಒಬ್ಬರ ಕರುಳಿನಲ್ಲಿ ವೈರಸ್ ನೆಲೆಸಿರಬೇಕು, ಅವರಿಗೇ ಅದು ಗೊತ್ತಿಲ್ಲ ಅನ್ನುವುದು ಸಂಶೋಧಕರ ತೀರ್ಮಾನ. ಅವರು ಯಾರು ಅಂತ ಹುಡುಕಿ ಹೆಸರು ಹೊರಗೆ ಹಾಕಲಿಲ್ಲ, ಹಾಕಬಾರದು ಕೂಡ. ಇಂಥ ಜನ ಎಷ್ಟಿದ್ದಾರೆ ಅಂತ ತಿಳಿಯಲು ಕೊಳಚೆ ನೀರಿನ ಪರೀಕ್ಷೆಗಿಂತ ಅಗ್ಗದ, ಯಾರನ್ನೂ ನೋಯಿಸದ ದಾರಿ ಇನ್ನೊಂದಿಲ್ಲ. ಬೆಂಗಳೂರಿನಲ್ಲೂ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿ ಮತ್ತು ಜೊತೆಗಾರ ಸಂಸ್ಥೆಗಳು ಕೊಳಚೆ ನೀರಿನಲ್ಲಿ ಕೊರೊನಾ ತಳಿಗಳನ್ನು ಪತ್ತೆ ಮಾಡುವ ಕೆಲಸ ಮಾಡಿವೆ. ದೇಶದ ಜೀನೋಮ್ ಕಣ್ಗಾವಲಿಗೆ 2020ರ ಕೊನೆಯಲ್ಲಿ ಇನ್ಸಾಕಾಗ್ ಜಾಲ ಕಟ್ಟಿದಾಗ ಮೊದಲ ಹತ್ತು ಪ್ರಯೋಗಾಲಯಗಳಲ್ಲಿ ನಿಮ್ಹಾನ್ಸ್ ಕೂಡ ಇತ್ತು. ಸೋಂಕು ಇಳಿದ ಕೂಡಲೇ ಇಂಥ ವ್ಯವಸ್ಥೆಗೆ ದುಡ್ಡು ಯಾಕೆ ಅಂತ ಕೇಳುವವರು ಜಾಸ್ತಿಯಾಗುತ್ತಾರೆ. ಆದರೆ ದೀರ್ಘ ಸೋಂಕು ಕಾಣುವುದೇ ಎಲ್ಲ ತಣ್ಣಗಾದ ಮೇಲೆ. ಊರಿನಲ್ಲಿ ಬೇರೆ ವೈರಸ್ ಇಲ್ಲದಾಗ ಉಳಿದುಕೊಂಡ ಹಳೆಯದು ಎದ್ದು ಕಾಣುತ್ತದೆ.

ಇದು ಕೊರೊನಾಕ್ಕೆ ಮಾತ್ರ ಸೇರಿದ್ದಲ್ಲ

ಅಂಗಾಂಗ ಕಸಿ ಆದವರಲ್ಲಿ ನೊರೊವೈರಸ್ ಅನ್ನುವ ಭೇದಿ ವೈರಸ್ ತಿಂಗಳುಗಟ್ಟಲೆ ಕಾಡುವುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಎಲ್ಲಕ್ಕಿಂತ ಬೆರಗಿನದು ಪೋಲಿಯೋ. ಬ್ರಿಟನ್‌ನ ಒಬ್ಬರಿಗೆ ಹುಟ್ಟಿನಿಂದಲೇ ಪ್ರತಿಕಾಯದ ಕೊರತೆ ಇತ್ತು. ಚಿಕ್ಕವರಿದ್ದಾಗ ಎಲ್ಲರಂತೆ ಬಾಯಿಗೆ ಪೋಲಿಯೋ ಹನಿ ಹಾಕಿಸಿದ್ದರು. ಆ ಹನಿಯಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಬೇರೆ ಮಕ್ಕಳಲ್ಲಿ ಅದು ಕೆಲವು ವಾರದಲ್ಲಿ ಹೊರಟುಹೋಗುತ್ತದೆ. ಅವರಲ್ಲಿ ಹೋಗಲಿಲ್ಲ. ಸುಮಾರು 28 ವರ್ಷ ಅವರ ಮಲದಲ್ಲಿ ಪೋಲಿಯೋ ವೈರಸ್ ಬರುತ್ತಿತ್ತು ಅಂತ 2015ರಲ್ಲಿ ವರದಿಯಾಯಿತು. ಅಷ್ಟರಲ್ಲಿ ಅದು ಮತ್ತೆ ಪಾರ್ಶ್ವವಾಯು ತರಬಲ್ಲ ರೂಪಕ್ಕೆ ತಿರುಗಿತ್ತು, ಆದರೆ ಅವರಿಗೆ ಸ್ವತಃ ಏನೂ ಆಗಿರಲಿಲ್ಲ.

ಇದನ್ನು ಓದಿ ಪೋಲಿಯೋ ಹನಿಯ ಬಗ್ಗೆ ಅನುಮಾನ ಪಡಬೇಕಾಗಿಲ್ಲ. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅನ್ನಿಸಿಕೊಂಡದ್ದು ಆ ಹನಿಯಿಂದಲೇ. ಮನೆಯಲ್ಲಿ ಹುಟ್ಟಿನಿಂದ ನಿರೋಧಕ ಶಕ್ತಿ ಕೊರತೆ ಇರುವ ಮಗು ಇದ್ದರೆ ಮಾತ್ರ ಅದಕ್ಕೂ, ಅದರ ಅಕ್ಕ ತಮ್ಮಂದಿರಿಗೂ ಹನಿಯ ಬದಲು ಇಂಜೆಕ್ಷನ್ ಕೊಡಬೇಕಾ ಅಂತ ಮಕ್ಕಳ ವೈದ್ಯರನ್ನು ಕೇಳಬೇಕು.

ಕೇಪ್‌ಟೌನ್‌ನ ಯುವತಿ, ಮತ್ತು ಆ ಒಂದು ಉತ್ತರ

ದಕ್ಷಿಣ ಆಫ್ರಿಕಾದಿಂದ ಎರಡು ಪ್ರಕರಣ ಬಂದವು. ಮೊದಲನೆಯದು ಕ್ವಾಜುಲು ನಟಾಲ್ ಪ್ರಾಂತ್ಯದ 36 ವರ್ಷದ ಮಹಿಳೆಯದು. ಎಚ್‌ಐವಿ ಹಿಡಿತಕ್ಕೆ ಸಿಕ್ಕಿರಲಿಲ್ಲ, ಕೊರೊನಾ 216 ದಿನ ಇತ್ತು, 30ಕ್ಕೂ ಹೆಚ್ಚು ಬದಲಾವಣೆ ಕಂಡವು. ಜಗತ್ತಿನ ಪತ್ರಿಕೆಗಳೆಲ್ಲ ಬರೆದದ್ದು ಇವರ ಬಗ್ಗೆ. ಎರಡನೆಯದು ಕೇಪ್‌ಟೌನ್‌ನ 22 ವರ್ಷದ ಯುವತಿ. ಅವರಿಗೂ ಎಚ್‌ಐವಿ, ಮಾತ್ರೆ ಸರಿಯಾಗಿ ನಡೆದಿರಲಿಲ್ಲ, ಕೊರೊನಾದ ಬೀಟಾ ತಳಿ ಒಂಬತ್ತು ತಿಂಗಳು ಉಳಿಯಿತು. ಆಮೇಲೆ ಎಆರ್‌ಟಿ, ಅಂದರೆ ಎಚ್‌ಐವಿ ಮಾತ್ರೆ, ಕ್ರಮವಾಗಿ ಶುರುವಾಯಿತು. ದೇಹದಲ್ಲಿ ಸಿಡಿ4 ಕೋಶಗಳು ಚೇತರಿಸಿಕೊಂಡವು. ಆರರಿಂದ ಒಂಬತ್ತು ವಾರದಲ್ಲಿ ಕೊರೊನಾ ಮಾಯವಾಯಿತು. ಕೊರೊನಾಕ್ಕೆ ಅಂತ ಯಾವ ದುಬಾರಿ ಔಷಧಿಯೂ ಬೇಕಾಗಲಿಲ್ಲ.

ಕಣ್ಗಾವಲು ಬೇಕು ಅನ್ನುವವರಿಗೂ ಕಳಂಕ ಬೇಡ ಅನ್ನುವವರಿಗೂ ಒಂದೇ ಉತ್ತರ ಅಂದದ್ದು ಇದಕ್ಕೇ. ಎಚ್‌ಐವಿ ಇರುವವರನ್ನು ದೂರ ಇಟ್ಟರೆ ಅವರು ಪರೀಕ್ಷೆಗೆ ಬರುವುದಿಲ್ಲ. ಪರೀಕ್ಷೆಗೆ ಬರದಿದ್ದರೆ ಮಾತ್ರೆ ಸಿಗುವುದಿಲ್ಲ. ಮಾತ್ರೆ ಸಿಗದಿದ್ದರೆ ಸಿಡಿ4 ಕುಸಿಯುತ್ತದೆ, ಆಗ ಒಳಗೆ ಬಂದ ವೈರಸ್ ಅಲ್ಲೇ ಕೂರಬಹುದು. ನಾವು ಯಾವುದಕ್ಕೆ ಹೆದರಿ ದೂರ ಇಟ್ಟೆವೋ ಅದನ್ನು ನಾವೇ ತಂದುಕೊಂಡ ಹಾಗಾಗುತ್ತದೆ. ನಮ್ಮ ದೇಶದಲ್ಲಿ 2004ರಿಂದ ಎಆರ್‌ಟಿ ಉಚಿತ. 2017ರಿಂದ ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಪತ್ತೆಯಾದ ಕೂಡಲೇ ಮಾತ್ರೆ ಶುರು ಮಾಡುತ್ತಾರೆ. ದಿನಾ ಮಾತ್ರೆ ತೆಗೆದುಕೊಂಡು ಸಿಡಿ4 ಚೆನ್ನಾಗಿರುವವರು ಈ ಅಪಾಯದ ಗುಂಪಿನಲ್ಲಿ ಇಲ್ಲವೇ ಇಲ್ಲ. ಬಾಸ್ಟನ್‌ನ ಸುದ್ದಿಯನ್ನು 'ಎಚ್‌ಐವಿ ರೋಗಿಯಿಂದ ಹೊಸ ಕೊರೊನಾ' ಅಂತ ಫಾರ್ವರ್ಡ್ ಮಾಡುವವರು ದಯವಿಟ್ಟು ಒಂದು ವಿಷಯ ಗಮನಿಸಬೇಕು. ಆ ರೋಗಿಗೆ ಎಚ್‌ಐವಿ ಇತ್ತು ನಿಜ, ಆದರೆ ಆ ಅವಧಿಯಲ್ಲಿ ಎಆರ್‌ಟಿ ನಡೆಯುತ್ತಿರಲಿಲ್ಲ.

ಕಸಿ ಆದವರು, ಕ್ಯಾನ್ಸರ್ ರೋಗಿಗಳು: ಇಲ್ಲಿ ದಾರಿ ಇಕ್ಕಟ್ಟು

ಎಚ್‌ಐವಿಯಲ್ಲಿ ನಿರೋಧಕ ಶಕ್ತಿಯನ್ನು ವಾಪಸ್ ತರಲು ಮಾತ್ರೆ ಇದೆ. ಕಿಡ್ನಿ ಕಸಿ ಆದವರಲ್ಲಿ ಆ ಶಕ್ತಿಯನ್ನು ಬೇಕೆಂದೇ ಇಳಿಸಿರುವುದು. ಔಷಧಿ ನಿಲ್ಲಿಸಿದರೆ ವೈರಸ್ ಹೋಗಬಹುದು, ಜೊತೆಗೆ ಕಿಡ್ನಿಯೂ ಹೋಗಬಹುದು. ಕ್ಯಾನ್ಸರ್ ರೋಗಿಗೆ ಪಾಸಿಟಿವ್ ಬರುತ್ತಲೇ ಇದೆ ಅಂತ ಕೀಮೋ ಮುಂದೂಡಿದರೆ ಕ್ಯಾನ್ಸರ್ ಕಾಯುವುದಿಲ್ಲ. ಕೊಟ್ಟರೆ ವೈರಸ್ ಇನ್ನಷ್ಟು ಬೆಳೆಯುತ್ತದೆ. ಇಂಥ ತೀರ್ಮಾನ ಪ್ರತಿ ರೋಗಿಗೂ ಬೇರೆ ಬೇರೆ. ರಕ್ತದ ಕಾಯಿಲೆಯ ತಜ್ಞರು ಮತ್ತು ಸೋಂಕು ರೋಗದ ತಜ್ಞರು ಕೂತು ಮಾತಾಡಿಯೇ ನಿರ್ಧರಿಸಬೇಕಾದದ್ದು. ಸ್ವಂತವಾಗಿ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಔಷಧಿಗಳಲ್ಲೂ ತೊಡಕು ಇದೆ. ಕೊರೊನಾಕ್ಕೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆ 5 ದಿನದ ಕೋರ್ಸ್. ಬಿ ಕೋಶವೇ ಇಲ್ಲದವರಿಗೆ 5 ದಿನ ಸಾಲುವುದಿಲ್ಲ ಅಂತ ಅನುಭವ ಹೇಳುತ್ತದೆ, ಎಷ್ಟೋ ಕಡೆ ವೈದ್ಯರು ಎರಡು ಔಷಧಿ ಸೇರಿಸಿ ಹೆಚ್ಚು ದಿನ ಕೊಟ್ಟು ಗುಣಪಡಿಸಿದ್ದಾರೆ. ಆದರೆ ದೊಡ್ಡ ಪ್ರಯೋಗಗಳಲ್ಲಿ ಇಂಥ ರೋಗಿಗಳನ್ನು ಹೆಚ್ಚಾಗಿ ಸೇರಿಸಿಕೊಂಡೇ ಇಲ್ಲದ ಕಾರಣ ಎಷ್ಟು ದಿನ, ಯಾವ ಜೋಡಿ ಅನ್ನುವುದಕ್ಕೆ ಗಟ್ಟಿ ನಿಯಮ ಇಲ್ಲ. ಅದೇ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ರಿಟೊನಾವಿರ್, ಟ್ಯಾಕ್ರೋಲಿಮಸ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತದೆ. ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ವಿಪರೀತ ಏರಿ ಕಿಡ್ನಿಗೇ ಪೆಟ್ಟು ಬೀಳಬಹುದು. ಹಾಗಾಗಿ ಕಸಿ ಆದವರು ಇದನ್ನು ಅಂಗಡಿಯಿಂದ ತಂದು ನುಂಗುವ ಮಾತೇ ಇಲ್ಲ. ಮೊಲ್ನುಪಿರಾವಿರ್ ಅನ್ನುವ ಇನ್ನೊಂದು ಕೊರೊನಾ ಔಷಧಿ ನಮ್ಮಲ್ಲಿ 2021ರ ಡಿಸೆಂಬರ್‌ನಲ್ಲಿ ತುರ್ತು ಒಪ್ಪಿಗೆ ಪಡೆದು ಎಲ್ಲೆಡೆ ಸಿಕ್ಕಿತು. ಅದು ಕೆಲಸ ಮಾಡುವುದೇ ವೈರಸ್‌ನ ನಕಲಿನಲ್ಲಿ ತಪ್ಪು ಹೆಚ್ಚಿಸಿ. ವೈರಸ್ ಸಾಯದೆ ಉಳಿದರೆ ಆ ತಪ್ಪುಗಳೂ ಉಳಿಯುತ್ತವೆ. ಈ ಔಷಧಿಯ ಗುರುತು ಇರುವ ಬದಲಾವಣೆಗಳು ಹಲವು ದೇಶಗಳ ವೈರಸ್‌ಗಳಲ್ಲಿ ಕಂಡವು ಅಂತ 2023ರಲ್ಲಿ ನೇಚರ್‌ನಲ್ಲಿ ವರದಿಯಾಯಿತು. ದೀರ್ಘ ಸೋಂಕಿನ ರೋಗಿಗೆ ಇದೊಂದನ್ನೇ ಕೊಟ್ಟು ಕೂರುವುದು ಸರಿಯಲ್ಲ ಅನ್ನುವ ವಾದಕ್ಕೆ ಬಲ ಬಂದದ್ದು ಹೀಗೆ.

ತಯಾರಿಸಿದ ಪ್ರತಿಕಾಯಗಳ ಕಥೆ ಇನ್ನೂ ಬೇಸರದ್ದು. ಎವುಶೆಲ್ಡ್ ಅನ್ನುವುದಕ್ಕೆ ಅಮೆರಿಕ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವೈರಸ್ ಬದಲಾದದ್ದರಿಂದ 2023ರ ಜನವರಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆಮೇಲೆ ಹೊಸವು ಬಂದಿವೆ, ಆದರೆ ದುಬಾರಿ, ಮತ್ತು ಅವೂ ಎಷ್ಟು ದಿನ ಬಾಳುತ್ತವೋ.

ಹಾಗಾಗಿ ಮನೆಯವರ ಕೈಯಲ್ಲಿರುವುದೇ ಈಗ ಹೆಚ್ಚು ಕೆಲಸಕ್ಕೆ ಬರುವಂಥದ್ದು. ರಿಟುಕ್ಸಿಮ್ಯಾಬ್ ಶುರು ಮಾಡುವುದಕ್ಕೆ ಮುಂಚೆಯೇ ಯಾವ ಲಸಿಕೆ ಹಾಕಿಸಬೇಕು ಅಂತ ವೈದ್ಯರನ್ನು ಕೇಳಬೇಕು, ಏಕೆಂದರೆ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ರೋಗಿಗೆ ಲಸಿಕೆ ಹಿಡಿಯದಿದ್ದರೂ ಜೊತೆಯಲ್ಲಿರುವವರು ಹಾಕಿಸಿಕೊಂಡಿದ್ದರೆ ವೈರಸ್ ಮನೆಯೊಳಗೆ ಬರುವ ದಾರಿ ಕಿರಿದಾಗುತ್ತದೆ. ನೆಗಡಿ ಕೆಮ್ಮು ಇರುವ ನೆಂಟರು 'ನೋಡಿಕೊಂಡು ಹೋಗೋಣ' ಅಂತ ಬಂದರೆ ಬಾಗಿಲಲ್ಲೇ ಬೇಡ ಅನ್ನುವುದು ನಮ್ಮ ಕಡೆ ಕಷ್ಟ. ಆದರೆ ಅನ್ನಲೇಬೇಕು, ಇಲ್ಲದಿದ್ದರೆ ಒಂದು ಮಾಸ್ಕ್ ಆದರೂ ಕೊಡಬೇಕು. ಕೋವಿಡ್ ಬಂದು ಮೂರು ವಾರವಾದರೂ ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದರೆ, ಅಥವಾ ಕೆಮ್ಮು ಕಡಿಮೆಯಾಗಿ ಮತ್ತೆ ಏರಿದರೆ, ಗಂಟಲು ದ್ರವ ನೆಗೆಟಿವ್ ಇದೆಯಲ್ಲ ಅಂತ ಬಿಡದೆ, 'ವೈರಸ್ ಶ್ವಾಸಕೋಶದಲ್ಲಿ ಉಳಿದಿರಬಹುದಾ, ಅಲ್ಲಿಂದ ಮಾದರಿ ತೆಗೆದು ನೋಡಬೇಕಾ?' ಅಂತ ವೈದ್ಯರನ್ನು ನೇರವಾಗಿ ಕೇಳಬಹುದು. ಎದುರಿಗಿರುವ ವೈದ್ಯರ ಕೈಯಲ್ಲಿ ಹಳೆಯ ಪರೀಕ್ಷೆಗಳ ತಾರೀಖು, ರಿಟುಕ್ಸಿಮ್ಯಾಬ್‌ನ ಕೊನೆಯ ಡೋಸ್ ಯಾವಾಗ ಆಯಿತು ಅನ್ನುವುದು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಇವಿಷ್ಟು ಇರುವ ಒಂದು ಹಾಳೆ ಇದ್ದರೆ, ಆ ಪ್ರಶ್ನೆಗೆ ಅವತ್ತೇ ಉತ್ತರ ಸಿಗುವ ಸಾಧ್ಯತೆ ಜಾಸ್ತಿ.